ಅಕ್ಕ ಓದುತ್ತಿದ್ದ ಪುಟ

ಮಂಗಳವಾರ, ೨೪ನೇ ತಾರೀಖು

ನನ್ನ ಮುದ್ದಿನ ಅಕ್ಕನಿಗೆ,

ಹೊಸ ಇ-ರೀಡರ್ ಯಾವುದು ಕೊಳ್ಳಲಿ ಎಂದು ಕೇಳಿದ್ದೀಯ. ದಿನವಿಡೀ ಅವುಗಳ ಹೊಟ್ಟೆ ಬಗೆದು ರಿಪೇರಿ ಮಾಡುವ ತಂಗಿಯಿರುವಾಗ ಇನ್ಯಾರನ್ನು ಕೇಳುತ್ತೀ! ಕಪ್ಪು-ಬಿಳುಪಿನದು ಕಣ್ಣಿಗೆ ತಂಪು, ಬಿಸಿಲಲ್ಲೂ ಓದಬಹುದು, ಒಮ್ಮೆ ಚಾರ್ಜ್ ಮಾಡಿದರೆ ಮೂರು ವಾರ ಚಿಂತೆಯಿಲ್ಲ. ಆದರೆ ಪುಟ ತಿರುಗುವುದು ಆಮೆಯ ಹಾಗೆ. ಬಣ್ಣದ ಟ್ಯಾಬ್ ಚುರುಕು, ನೀನು ಕಲಿಸುವ ಗಣಿತದ ಚಿತ್ರಗಳಿಗೂ ಚೆಂದ. ಗಂಟೆಯೊಳಗೆ ಕಣ್ಣುರಿ, ಸಂಜೆಯೊಳಗೆ ಚಾರ್ಜ್ ಖಾಲಿ.

ನಿನಗೆ ಎರಡೂ ಬೇಡ. ಕಾರಣ ಹೇಳುತ್ತೇನೆ, ಬೈಯಬೇಡ.

ಹೋದ ತಿಂಗಳು ಭಾವ ನಿನ್ನ ಹಳೆಯದನ್ನು ಅಂಗಡಿಗೆ ತಂದಿದ್ದರು. ನಿನ್ನ ಕೈಜಾರಿ ಬಿತ್ತು ಅಂದರು. ಕೈಜಾರಿದರೆ ಮೂಲೆ ಒಡೆಯುತ್ತದೆ. ಅದು ನಟ್ಟನಡುವೆ ಸೀಳಿತ್ತು, ಬೆನ್ನ ಮೇಲೆ ಬೂಟಿನ ಗುರುತಿತ್ತು. ಕಂಡೂ ಕಾಣದವಳಂತೆ ಪರದೆ ಬದಲಿಸಿದೆ. ಆಮೇಲೆ ಅವರು, "ಅವಳು ಓದಿದ್ದನ್ನೇ ನಾನೂ ಓದಬೇಕು ಅಂತ ಆಸೆ, ನನ್ನ ಫೋನಿಗೂ ಬರೋ ಹಾಗೆ ಮಾಡಿಕೊಡು" ಅಂದರು. ಮಾಡಿಕೊಟ್ಟೆ. ಪ್ರೀತಿ ಎಂದುಕೊಂಡೆ ಅಂತ ಬರೆಯಹೊರಟಿದ್ದೆ, ಅದು ಸುಳ್ಳು. ಆ ಬೂಟಿನ ಗುರುತು ಕಂಡ ಮೇಲೆ ಇಲ್ಲ ಅನ್ನಲು ಹೆದರಿದೆ.

ಬೇರೆ ಮನೆ ಮಾಡುವ ಬಗ್ಗೆ ನೀನು ಓದಿದ ದಿನವೇ ಅವರು ಬೀಗದ ಕೈ ಎತ್ತಿಟ್ಟರು, ಮನಸ್ಸಿನಲ್ಲಿದ್ದದ್ದು ಹೇಗೆ ಗೊತ್ತಾಯಿತೋ ಎಂದು ಬರೆದಿದ್ದೀಯಲ್ಲ. ಹೇಗೆಂದು ನನಗೆ ಗೊತ್ತು. ನೀನು ತೆರೆದ ಪುಟ, ಗೆರೆ ಎಳೆದ ಸಾಲು, ಅಂಚಿನಲ್ಲಿ ಬರೆದ ಟಿಪ್ಪಣಿ, ಓದಿದ ಹೊತ್ತು, ಎಲ್ಲವೂ ಅವರ ಫೋನಿಗೆ ಹೋಗುತ್ತಿದೆ ಅಕ್ಕಾ. ಅದು ನನ್ನ ಕೈಕೆಲಸ.

ಇದರ ಜೊತೆ ಕಳಿಸಿರುವುದು ಹಳೇ ಕಾಲದ್ದು. ನೋಡಲು ಚೆಂದವಿಲ್ಲ, ನೆಟ್ ಇಲ್ಲ, ವೈರ್ ಹಾಕಿ ಪುಸ್ತಕ ತುಂಬಬೇಕು. ಆದರೆ ನೀನು ಏನು ಓದಿದೆ ಎಂದು ಅದು ಯಾರಿಗೂ ಹೇಳುವುದಿಲ್ಲ. ಶಾಲೆಯಲ್ಲೇ ಇಟ್ಟುಕೋ. ಮನೆಯಲ್ಲಿರುವುದನ್ನು ತಟ್ಟನೆ ಬಿಡಬೇಡ, ಅನುಮಾನ ಬರುತ್ತದೆ. ದಿನಾ ಯಾವುದಾದರೂ ಕಥೆಯ ನಾಲ್ಕು ಪುಟ ತಿರುಗಿಸು.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.

ನಿನ್ನ,
ಗುಬ್ಬಿ

ಮರೆತು ಕೊನೆಗೆ ಸೇರಿಸಿದ್ದಲ್ಲ, ಈಗ ನಡೆದದ್ದು: ಪತ್ರ ಅಂಟಿಸುವಾಗ ಭಾವ ಅಂಗಡಿಗೆ ಬಂದರು. ಕೈಯಲ್ಲಿ ರಿಪೇರಿಗೆ ಏನೂ ಇರಲಿಲ್ಲ. "ಇಪ್ಪತ್ತೆಂಟಕ್ಕೆ ಗುಬ್ಬಿ ಮನೆ ಅಂತ ಪುಸ್ತಕದ ಅಂಚಲ್ಲಿ ಬರೆದುಕೊಂಡಿದ್ದಾಳೆ, ನಿಮ್ಮಲ್ಲೇನಮ್ಮಾ ವಿಶೇಷ?" ಎಂದು ನಗುನಗುತ್ತಾ ಕೇಳಿದರು. ನೀನು ಮನೆ ಬಿಟ್ಟು ಬರಬೇಕೆಂದಿರುವ ಇಪ್ಪತ್ತೆಂಟರವರೆಗೆ ಕಾಯಬೇಡ. ಮೇಲೆ ಬರೆದದ್ದನ್ನೆಲ್ಲ ಬಿಡು. ಈ ಪೊಟ್ಟಣ ತಂದವರು ನಮ್ಮ ಅಂಗಡಿಯ ಮಾಲಕಿ. ಅವರ ಕಾರು ಶಾಲೆಯ ಹಿಂದಿನ ಗೇಟಿನಲ್ಲಿದೆ. ಮನೆಗೆ ಹೋಗದೆ, ಹಾಗೇ ಹತ್ತಿಬಿಡು.