ಸಂಜೆ ಏಳರ ಕಾಪಿ

ಸಾನಪಾಡಾ, ಸೆಕ್ಟರ್ ಐದು
ಸೋಮವಾರ, 9 ಜನವರಿ 2012

ಪ್ರೀತಿಯ ಚೆನ್ನಯಣ್ಣನಿಗೆ ತಮ್ಮ ಜಯೇಶನ ನಮಸ್ಕಾರ.

ಹೇಗಿದ್ದೀ? ಹೋದ ಸಲ ಫೋನಿನಲ್ಲಿ ಜ್ವರ ಎಂದಿದ್ದೆ. ಮಲೇರಿಯಾ ಅಲ್ಲ ತಾನೆ? ಮಲಾವಿಯಲ್ಲಿ ಸೊಳ್ಳೆ ಜಾಸ್ತಿ ಎಂದು ಯಾರೋ ಹೇಳಿದ ಮೇಲೆ ಅಮ್ಮ ನಿನಗೆ ಕಳಿಸಲು ಸೊಳ್ಳೆಪರದೆ ತಂದು ಕಪಾಟಿನ ಮೇಲೆ ಇಟ್ಟಿದ್ದಾಳೆ. ಬ್ಲಾಂಟೈರಿನಲ್ಲಿ ಸೊಳ್ಳೆಪರದೆ ಸಿಗುತ್ತದೆ ಎಂದರೆ ಕೇಳುವುದಿಲ್ಲ. ಅವಳ ಮೊಣಕಾಲು ಈ ಚಳಿಗೆ ಹಿಡಿದುಕೊಂಡಿದೆ, ಬೇರೇನೂ ತೊಂದರೆ ಇಲ್ಲ. ಜಯಲತಾ ಅತ್ತಿಗೆ ಬ್ಲೌಸ್ ಹೊಲಿಯುವುದನ್ನು ಚೆನ್ನಾಗಿ ಕಲಿತಿದ್ದಾರೆ, ಬಿಲ್ಡಿಂಗಿನ ಅರ್ಧ ಹೆಂಗಸರು ನಮ್ಮ ಮನೆಯಲ್ಲೇ ಇರುತ್ತಾರೆ. ನಿನ್ನ ಮಗಳು ಶ್ರದ್ಧಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೊನ್ನೆ ಗೋಡೆಯ ಮ್ಯಾಪಿನಲ್ಲಿ ಮಲಾವಿ ಹುಡುಕಿ, "ಚಿಕ್ಕು, ಪಪ್ಪಾ ಇತನೇ ಛೋಟೇ ದೇಶ್ ಮೇಂ ಕೈಸೇ ರಹತೇ ಹೈಂ" ಎಂದು ಕೇಳಿದಳು. ಅಷ್ಟು ಸಣ್ಣ ದೇಶದಲ್ಲಿ ಅಪ್ಪ ಹೇಗಿರುತ್ತಾನೆ ಎಂಬ ಚಿಂತೆ ಅವಳಿಗೆ.

ನಾನು ಘೋಡಬಂದರ್ ರಸ್ತೆಯ ಮಾಲಿನ ಸೆಕ್ಯುರಿಟಿ ಕೆಲಸ ಬಿಟ್ಟಿದ್ದೇನೆ. ಬೈಯಬೇಡ. ಹನ್ನೆರಡು ತಾಸು ಒಂದೇ ಬಾಗಿಲಲ್ಲಿ ನಿಂತು ಕಂಡವರ ಬ್ಯಾಗಿನೊಳಗೆ ಇಣುಕುವುದು ನನ್ನಿಂದ ಆಗಲಿಲ್ಲ. ಈಗ ತುರ್ಭೆಯಲ್ಲಿ ಕೊರಿಯರ್ ಹಂಚುತ್ತೇನೆ, ಬೈಕ್ ಅವರದೇ. ಒಂದು ಕಡೆ ಕೂರಲಾರದವನಿಗೆ ಇದೇ ಸರಿ ಎಂದು ಅತ್ತಿಗೆ ನಗುತ್ತಾರೆ.

ಫೋನ್ ಇರುವಾಗ ಇವನೇಕೆ ಕಾಗದ ಬರೆದ ಎಂದು ನಿನಗೆ ಅನಿಸಬಹುದು. ನಿನ್ನ ಫೋನು ಹೋಟೆಲಿನ ಕೌಂಟರಿನ ಮೇಲಿದೆ, ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಕಳೆದ ವಾರ ನಾನು ಒಂದು ಮಾತು ಎತ್ತಿದ ಕೂಡಲೇ ನೀನು "ಅದೆಲ್ಲ ಫೋನಲ್ಲಿ ಬೇಡ ಮಾರಾಯ, ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಕನ್ನಡದ ಕಾಗದವನ್ನು ಅಲ್ಲಿ ನಿನ್ನ ಹೊರತು ಯಾರೂ ಓದಲಾರರು. ಹತ್ತನೇ ಕ್ಲಾಸಿನ ಮೇಲೆ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ನೀನು ಅಲ್ಲಿಂದ ಆಪರೇಶನ್ನಿಗೆ ಕಳಿಸಿದ ಕಲುವಾ ಮಾಸ್ಟ್ರ ವಿಷಯ. ಸೊಂಟದ ಆಪರೇಶನ್ ಚೆನ್ನಾಗಿ ಆಯಿತು. ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದು ಈಗ ಹದಿನಾರು ದಿನ. ನಿನ್ನ ಮಂಚದಲ್ಲೇ ಮಲಗುತ್ತಾರೆ. ವಾಕರ್ ಬಿಟ್ಟು ಈಗ ಕೋಲು ಹಿಡಿದಿದ್ದಾರೆ. ದಿನಾ ಬೆಳಿಗ್ಗೆ ನಾನು ಅವರನ್ನು ರೈಲ್ವೆ ಸ್ಟೇಷನ್ನಿನ ತನಕ ನಡೆಸಿಕೊಂಡು ಹೋಗುತ್ತೇನೆ. ನಲವತ್ತು ವರ್ಷ ಇತಿಹಾಸ ಪಾಠ ಮಾಡಿದವರಲ್ಲವಾ, ನನ್ನ ಇಂಗ್ಲಿಷ್ ನೋಡಿ ಒಂದೊಂದೇ ಶಬ್ದ ಬಿಡಿಸಿ ಮಾತಾಡುತ್ತಾರೆ, ಮಧ್ಯೆ ನಿಲ್ಲಿಸಿ ಅರ್ಥವಾಯಿತಾ ಎಂದು ಕೇಳುತ್ತಾರೆ. ಅಮ್ಮ ಅವರ ಹತ್ತಿರ ತುಳುವಿನಲ್ಲೇ ಮಾತಾಡುವುದು. "ಮಾಸ್ಟ್ರೆ, ವನಸ್ ಆಂಡಾ" ಎಂದು ಊಟ ವಿಚಾರಿಸಿದರೆ ಅವರು ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಾರೆ, ಇವಳು ಇನ್ನೊಂದು ಸೌಟು ಸಾರು ಹಾಕುತ್ತಾಳೆ. ಇಬ್ಬರಿಗೂ ಎಲ್ಲ ತಿಳಿಯುತ್ತದೆ. ನಮ್ಮ ಕುಚ್ಚಲಕ್ಕಿ ಗಂಜಿಯನ್ನು ಇಷ್ಟಪಟ್ಟು ಕುಡಿಯುವ ಹೊರಗಿನವರು ಅವರೊಬ್ಬರೇ ಎಂದು ಅಮ್ಮನಿಗೆ ಹೆಮ್ಮೆ.

ಅವರ ಸೊಂಟ ಹೇಗೆ ಮುರಿಯಿತು ಎಂದು ನೀನು ನಮಗೆ ಹೇಳಿರಲಿಲ್ಲ. ಬಿದ್ದರು ಎಂದಷ್ಟೇ ಹೇಳಿದ್ದೆ. ಹತ್ತು ದಿನದ ಹಿಂದೆ ಸ್ಟೇಷನ್ನಿನ ಹೊರಗಿನ ಕಟ್ಟೆಯ ಮೇಲೆ ಕೂತು ಅವರೇ ಹೇಳಿದರು. ನಿನಗೆ ಗೊತ್ತಿರುವುದೇ ಇದರಲ್ಲಿ ಹೆಚ್ಚು ಇರಬಹುದು, ಆದರೂ ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ಅವರ ಬಾಯಿಂದಲೇ ಇದನ್ನು ನೀನು ಕೇಳಿಸಿಕೊಂಡಿದ್ದೀಯೋ ಇಲ್ಲವೋ ನನಗೆ ತಿಳಿಯದು.

ಅಲ್ಲಿ ಜುಲೈ ತಿಂಗಳು ಸರಕಾರದ ವಿರುದ್ಧ ನಡೆದ ಗಲಾಟೆಯಲ್ಲಿ ಪೊಲೀಸರ ಗುಂಡು ತಗಲಿ ಸತ್ತವರ ಮನೆಮನೆಗೆ ಹೋಗಿ, ಯಾರು, ಎಲ್ಲಿ, ಯಾರು ನೋಡಿದರು ಎಂದು ಬರೆದುಕೊಳ್ಳುವ ಹದಿಮೂರು ಜನ ಇವರು. ಮಾಸ್ಟ್ರು ಅಧ್ಯಕ್ಷರು. ಅವರಲ್ಲಿ ಯಾರ ಕೈಯಲ್ಲೂ ಕೋಲು ಸಹ ಇರಲಿಲ್ಲ, ಬರೀ ನೋಟ್‌ಬುಕ್ಕು. ಅವರ ಊರಿನಲ್ಲಿ ಮದುವೆಗೆ ಮೊದಲು ಕಮಿಟಿ ಮಾಡಿ ತಿಂಗಳುಗಟ್ಟಲೆ ಮೀಟಿಂಗ್ ನಡೆಸುತ್ತಾರಂತೆ. ಅದಕ್ಕೆ ಇವರೂ ಮದುವೆ ಕಮಿಟಿ ಎಂದೇ ಹೇಳಿ ನಿಮ್ಮ ಹೋಟೆಲಿನ ಮೇಲಿನ ಹಾಲ್ ಬುಕ್ ಮಾಡುತ್ತಿದ್ದರು. ಸೆಪ್ಟೆಂಬರಿನ ಎರಡನೇ ಶನಿವಾರ ಮ್ಯಾನೇಜರ್, ಅಂದರೆ ನೀನು, ಬಂದವರೆಲ್ಲ ಹೆಸರು, ಮನೆ, ಫೋನ್ ನಂಬರು ಬರೆದುಕೊಡಬೇಕು ಎಂದೆಯಂತೆ. ರೂಲ್ ಎಂದೆಯಂತೆ. ಅವರೊಳಗೆ ಚಿಸೊಮೊ ಎಂಬ ಇಪ್ಪತ್ತಮೂರು ವರ್ಷದ ಹುಡುಗಿ ಟೈಪಿಸ್ಟು. ಮಾಸ್ಟ್ರ ಹಳೆಯ ಶಿಷ್ಯೆ. ಅವಳೇ ಬಾಗಿಲಲ್ಲಿ ಕೂತು ಬಂದವರನ್ನು ಬಂದ ಹಾಗೆ ಬರೆದುಕೊಂಡಳು. ಮಾಸ್ಟ್ರ ಬಸ್ಸು ತಡವಾಗಿ ಅವರು ಒಂಬತ್ತನೆಯವರಾದರು. ತನ್ನ ಹೆಸರನ್ನು ಅವಳು ಕೊನೆಗೆ ಬರೆದು ಹಾಳೆಯನ್ನು ನಿನ್ನ ಕೈಗೆ ಕೊಟ್ಟಳು. ನೀನು ಎಲ್ಲರಿಗೂ ಚಹಾ ಕಳಿಸಿದೆ, ಬಿಲ್ಲಿಗೆ ಸೇರಿಸಲಿಲ್ಲ. ಅದನ್ನು ಮಾಸ್ಟ್ರು ಈಗಲೂ ಹೇಳುತ್ತಾರೆ.

ಮಂಗಳವಾರ ಬೆಳಗಾಗುವಾಗ ಹದಿಮೂರು ಮನೆಗೂ ಪೊಲೀಸರು ಬಂದರು. ಸ್ಟೇಷನ್ನಿನಲ್ಲಿ ಸಾಲಾಗಿ ನಿಲ್ಲಿಸಿ ಹೆಸರು ಕೂಗಿದರು. ಆ ಹಾಳೆಯಲ್ಲಿದ್ದ ಸಾಲಿನಲ್ಲೇ ಕೂಗಿದರಂತೆ ಅಣ್ಣ. ಅಧ್ಯಕ್ಷರ ಹೆಸರು ಒಂಬತ್ತನೆಯದಾಗಿ ಬಂತು. ಮಾಸ್ಟ್ರ ಸೊಂಟ ಮುರಿದದ್ದು ಅದೇ ದಿನ, ಪೊಲೀಸರ ಹೊಡೆತಕ್ಕೆ. ಇಬ್ಬರು ಇನ್ನೂ ಒಳಗಿದ್ದಾರೆ. ಚಿಸೊಮೊಳ ಮಾವನೊಬ್ಬ ಮುನಿಸಿಪಾಲಿಟಿಯಲ್ಲಿ ಕೆಲಸಕ್ಕಿದ್ದಾನೆ, ಅವನು ಹೋಗಿ ಕೇಳಿಕೊಂಡದ್ದಕ್ಕೆ ಅವಳನ್ನು ಮೊದಲ ದಿನವೇ ಬಿಟ್ಟರು. ಅಲ್ಲಿಗೆ ಎಲ್ಲರ ಸಂಶಯ ಅವಳ ಕಡೆ ತಿರುಗಿತು. ಹಾಳೆ ಮ್ಯಾನೇಜರಿಗೆ ಕೊಟ್ಟೆ ಎಂದು ಅವಳು ಹೇಳಿದಳು. ನಾಲ್ಕು ಜನ ನಿನ್ನ ಹತ್ತಿರ ಬಂದರು. ನೀನು ಡ್ರಾಯರ್ ಎಳೆದು ಹಾಳೆ ತೆಗೆದು ತೋರಿಸಿ, ಇಲ್ಲೇ ಇದೆಯಲ್ಲ ಎಂದೆ. ಹಾಳೆ ಡ್ರಾಯರಿನಲ್ಲೇ ಇದ್ದ ಮೇಲೆ ಹೆಸರು ಹೊರಗೆ ಹೋದದ್ದು ಬರೆದವಳ ಕೈಯಿಂದ ಎಂದು ಅವರು ತೀರ್ಮಾನ ಮಾಡಿದರು.

ಈಗ ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಕೆಲಸ ಹೋಗಿದೆ. ಅವಳ ತಾಯಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುತ್ತಿದ್ದರು, ಯಾರೋ ಬುಟ್ಟಿಗಳನ್ನು ರಸ್ತೆಗೆ ಒದ್ದರು. ಬರುವ ಭಾನುವಾರ ಕಮಿಟಿ ಕೂತು, ಇವಳು ಪೊಲೀಸರ ಕಿವಿ ಎಂದು ಹೆಸರು ಹಾಕಿ ಚೀಟಿ ಹಂಚುತ್ತದೆ. ಅಧ್ಯಕ್ಷರ ಸಹಿಗಾಗಿ ಕಾಯುತ್ತಿದ್ದಾರೆ. ಹಾಗೆ ಹೆಸರು ಬಿದ್ದವರ ಮನೆಗೆ ಜನ ಬೆಂಕಿ ಇಟ್ಟದ್ದನ್ನು ನೋಡಿದ್ದೇನೆ ಎಂದು ಮಾಸ್ಟ್ರು ಹೇಳಿದರು. ಮತ್ತೆ ಕೋಲಿನ ತುದಿಯಿಂದ ನೆಲ ಗೀರುತ್ತ, "ನಾಲ್ಕು ವರ್ಷ ಅವಳಿಗೆ ಪಾಠ ಮಾಡಿದೆ. ಅವಳನ್ನು ನಂಬಿದರೆ ಉಳಿದ ಹನ್ನೊಂದು ಜನರಲ್ಲಿ ಒಬ್ಬನ ಮೇಲೆ ಸಂಶಯ ಪಡಬೇಕು. ಅದೂ ಆಗುವುದಿಲ್ಲ" ಎಂದರು. ನಿನ್ನ ಮೇಲೆ ಅವರಿಗೆ ಸಂಶಯವೇ ಬಂದಿಲ್ಲ. ಪರದೇಶದವನು, ಚಹಾ ಕೊಟ್ಟವನು, ಆಸ್ಪತ್ರೆ ಹುಡುಕಿ ತನ್ನ ಮನೆಯಲ್ಲೇ ಜಾಗ ಕೊಟ್ಟವನು.

ಅವತ್ತು ನನಗೂ ಹೊಳೆಯಲಿಲ್ಲ ಎಂದರೆ ನಂಬು. ಮಾರನೆಯ ದಿನ ನಮ್ಮ ಸೊಸೈಟಿ ಸೆಕ್ರೆಟರಿ ಭುಜಂಗಣ್ಣ ಮೆಟ್ಟಿಲಿನಲ್ಲಿ ಅಡ್ಡ ನಿಂತರು. ಅವರ ಬಿಜಾಪುರದ ಮಾತು ನಿನಗೆ ಗೊತ್ತಲ್ಲ. "ಏನಪಾ ಜಯೇಶಾ, ನಿಮ್ಮನಿ ಸಾಹೇಬಂದು ಪಾಸ್‌ಪೋರ್ಟ್ ಜೆರಾಕ್ಸ್ ಇನ್ನೂ ಕೊಟ್ಟಿಲ್ಲ ನೀ. ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಕೈ ತೊಳಕೋತೀನಿ. ನಾಳೆ ಅವರು ಬಂದು ನನ್ನ ಕಿವಿ ಹಿಂಡಿದ್ರ ನೀ ಬಿಡಸ್ತೀಯೇನು" ಎಂದರು. ಮಾಸ್ಟ್ರಿಗೆ ಇಂಗ್ಲಿಷಿನಲ್ಲಿ ಹೇಳಿ ಪಾಸ್‌ಪೋರ್ಟ್ ತೆಗೆದುಕೊಂಡೆ. ಅವರು ನಗುತ್ತ, "ನಿಮ್ಮಲ್ಲಿ ಅತಿಥಿಯ ಹೆಸರು ಪೊಲೀಸರಿಗೆ ಕೊಡುವುದು ಪದ್ಧತಿಯೋ? ನಮ್ಮ ಹೋಟೆಲುಗಳಲ್ಲೂ ಯಾರೂ ಹಾಗೆ ಮಾಡುವುದಿಲ್ಲ" ಎಂದರು. ಜೆರಾಕ್ಸ್ ಅಂಗಡಿಯಲ್ಲಿ ಮಷಿನ್ ಮುಚ್ಚಳದ ಕೆಳಗೆ ಬೆಳಕು ಓಡಿದಾಗ ನನಗೆ ನಮ್ಮ ಲಾಡ್ಜಿನ ಕಾಪಿ ನೆನಪಾಯಿತು.

ಮಾಜಿವಾಡಾದ ಲಾಡ್ಜಿನಲ್ಲಿ ನಿನ್ನ ಜೊತೆ ಎಂಟು ತಿಂಗಳು ಕೌಂಟರಿನಲ್ಲಿ ಕೂತವನು ನಾನು. ಆವತ್ತು ಬಂದವರ ಹೆಸರಿನ ಕಾಪಿ ಸಂಜೆ ಏಳಕ್ಕೆ ಪೊಲೀಸ್ ಚೌಕಿಗೆ ಹೋಗಬೇಕು. ಲಾಡ್ಜಿನ ಮುಂಡಪ್ಪ ಧಣಿ ನಿನಗೆ ಕಲಿಸಿದ ಮೊದಲ ಪಾಠವೇ ಅದು. "ಅವರು ಕೇಳುವ ಮೊದಲೇ ಕೊಟ್ಟುಬಿಡು ಚೆನ್ನಯ, ಮತ್ತೆ ಅವರು ನಮ್ಮ ಮೆಟ್ಟಿಲು ಹತ್ತುವುದಿಲ್ಲ." ಹದಿನಾಲ್ಕು ವರ್ಷ ನೀನು ಒಂದು ಸಂಜೆಯೂ ತಪ್ಪಿಸಲಿಲ್ಲ. ಈ ಗಲಾಟೆಗೂ ಮೊದಲು, ಆಚೆ ವರ್ಷದ ದೀಪಾವಳಿಗೆ ಫೋನ್ ಮಾಡಿದಾಗ ನೀನೇ ಹೇಳಿದೆಯಲ್ಲ, ಇಲ್ಲಿನವರಿಗೆ ಈ ಶಿಸ್ತೇ ಗೊತ್ತಿರಲಿಲ್ಲ, ಬಂದ ತಿಂಗಳಿನಿಂದ ನಾನೇ ಶುರು ಮಾಡಿದೆ, ಯಾರೂ ಕೇಳದಿದ್ದರೂ ಕಳಿಸುತ್ತೇನೆ, ಸ್ಟೇಷನ್ನಿನವರು ನನ್ನನ್ನು ಬಾಸ್ ಎನ್ನುತ್ತಾರೆ, ಎಂದು. ಅಮ್ಮ ಅದನ್ನು ಬಿಲ್ಡಿಂಗಿಗೆಲ್ಲ ಹೇಳಿಕೊಂಡು ಬಂದಳು.

ನೀನು ಬೇಕೆಂದು ಮಾಡಲಿಲ್ಲ, ಅದು ನನಗೆ ಗೊತ್ತು. ಮದುವೆ ಕಮಿಟಿಯ ಹೆಸರು ಕೊಟ್ಟರೆ ಯಾರಿಗೇನು ಎಂದುಕೊಂಡಿರುತ್ತೀ. ಅಲ್ಲಿಯವರೆಗೆ ಇದು ಕೈಗೆ ಹತ್ತಿದ ಅಭ್ಯಾಸ. ಆದರೆ ಕಾಪಿ ಕಳಿಸಿದ ಮೇಲೂ ಡ್ರಾಯರ್ ಎಳೆದು ಹಾಳೆ ತೋರಿಸಿದ್ದು ಅಭ್ಯಾಸವಲ್ಲ. ಆಗ ನಿನಗೆ ತಿಳಿದಿತ್ತು. ಇಲ್ಲದಿದ್ದರೆ ಮಾಸ್ಟ್ರನ್ನು ಇಷ್ಟು ದೂರ ನಮ್ಮ ಮನೆಗೇ ಏಕೆ ಕಳಿಸಿದೆ? ಮೂರು ದಿನಕ್ಕೊಮ್ಮೆ ಫೋನ್ ಮಾಡಿ, ನಡೆಯುತ್ತಾರಾ, ನೋವು ಇದೆಯಾ ಎಂದು ಕೇಳುತ್ತೀ. ಅಮ್ಮನ ಮೊಣಕಾಲನ್ನು ನೀನು ಹಾಗೆ ಕೇಳಿದ್ದು ನನಗೆ ನೆನಪಿಲ್ಲ.

ಆ ನಾಸಿಕದ ಜೋಡಿ ನೆನಪಿದೆಯಾ? ಓಡಿ ಬಂದು ಮದುವೆಯಾಗಿ ರೂಮು ಹಿಡಿದಿದ್ದವರು. ನಾವು ಕಳಿಸಿದ ಕಾಪಿಯಿಂದಲೇ ವಿಷಯ ತಿಳಿದು ಹುಡುಗಿಯ ಕಡೆಯವರು ಬಂದರು, ಅವಳನ್ನು ಕೂದಲು ಹಿಡಿದು ಮೆಟ್ಟಿಲಿನಲ್ಲಿ ಎಳೆದುಕೊಂಡು ಹೋದರು. ನಾವಿಬ್ಬರೂ ಕೌಂಟರಿನ ಹಿಂದೆ ನಿಂತಿದ್ದೆವು. ನೀನು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ "ನಾವು ಬರೆದದ್ದು ಮಾತ್ರ, ಮಾಡಿದ್ದು ಅವರು" ಎಂದು ನನಗೆ ಸಮಾಧಾನ ಹೇಳಿ ಏಳು ಗಂಟೆಗೆ ಕಾಪಿ ಹಿಡಿದು ಹೊರಟೆ. ನಾನು ಕೆಲಸ ಬಿಟ್ಟದ್ದು ಅದೇ ವಾರ. ಒಂದು ಕಡೆ ನಿಲ್ಲುವುದಿಲ್ಲ ಎಂದು ಎಲ್ಲರೂ ಬೈದರು, ನೀನು ಮಾತ್ರ ಬೈಯಲಿಲ್ಲ.

ನನ್ನ ಪಾಲೂ ಇದರಲ್ಲಿ ಇದೆ. ಇಷ್ಟು ತಿಳಿದೂ ಒಂಬತ್ತು ದಿನ ಅವರ ಜೊತೆ ನಡೆದಿದ್ದೇನೆ, ಬಾಯಿ ಬಿಟ್ಟಿಲ್ಲ. ಹೋಟೆಲುಗಳ ಮಾತು ಬಂದಾಗ, ಇದೆಲ್ಲ ಇಂಡಿಯಾದಲ್ಲಿ ಮಾತ್ರ ಎಂದು ಸುಳ್ಳು ಹೇಳಿದೆ. ಅತ್ತಿಗೆಗೂ ಅಮ್ಮನಿಗೂ ಏನೂ ಗೊತ್ತಿಲ್ಲ.

ನೀನು ಹೆದರುವುದು ನನಗೆ ತಿಳಿಯುತ್ತದೆ. ನಿನ್ನ ಕೆಲಸದ ಪರ್ಮಿಟ್ ಅಲ್ಲಿನ ಹೋಟೆಲ್ ಧಣಿಯ ಕೈಯಲ್ಲಿದೆ, ವಿಷಯ ಹೊರಬಿದ್ದರೆ ಮರುದಿನವೇ ವಿಮಾನ ಹತ್ತಿಸಬಹುದು. ಅಲ್ಲಿನ ಜನ ಏನು ಮಾಡುತ್ತಾರೋ ಅದನ್ನೂ ಹೇಳಲಾಗುವುದಿಲ್ಲ. ಇದನ್ನೆಲ್ಲ ಯೋಚಿಸಿಯೇ ಬರೆಯುತ್ತಿದ್ದೇನೆ. ನೀನು ಬಂದರೆ ಬಾ, ನಾನು ಈ ಕೊರಿಯರ್ ಕೆಲಸ ಬಿಡುವುದಿಲ್ಲ, ಮನೆ ನಡೆಯುತ್ತದೆ. ಆದರೆ ಆ ಹುಡುಗಿಗೆ ಹೋಗಲು ಬೇರೆ ದೇಶ ಇಲ್ಲ. ಮಾಸ್ಟ್ರು ಗುರುವಾರ ಹೊರಡುತ್ತಾರೆ, ಶುಕ್ರವಾರ ತಲುಪುತ್ತಾರೆ. ಭಾನುವಾರದೊಳಗೆ ನೀನೇ ಅವರ ಮುಂದೆ ನಿಂತು, ಹೆಸರು ಹೋದದ್ದು ನನ್ನ ಕೈಯಿಂದ ಎಂದು ಹೇಳಬೇಕು. ಇದನ್ನು ತಮ್ಮನಾಗಿ ಕೇಳುತ್ತಿದ್ದೇನೆ, ತೀರ್ಪು ಹೇಳುತ್ತಿಲ್ಲ.

ಔಷಧಿ ಸರಿಯಾಗಿ ತೆಗೆದುಕೋ, ಬಿಸಿ ನೀರು ಕುಡಿ. ಅಮ್ಮನ ಆಶೀರ್ವಾದ, ಅತ್ತಿಗೆಯ ನೆನಪು, ಶ್ರದ್ಧಾಳ ಮುತ್ತು ಇದರ ಜೊತೆಗಿದೆ. ಚಿಕ್ಕವನು ದೊಡ್ಡ ಮಾತು ಬರೆದಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ತಮ್ಮ
ಜಯೇಶ

ತಾ.ಕ.: ಬುಧವಾರ ಮಧ್ಯಾಹ್ನ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೊರಿಯರಿನಲ್ಲಿ ಬ್ಲಾಂಟೈರಿಗೆ ಎಂಟು ದಿನ ಬೇಕಂತೆ, ಭಾನುವಾರ ದಾಟಿಹೋಗುತ್ತದೆ. ಲಕೋಟೆಯ ಮೇಲೆ ನಿನ್ನ ಹೆಸರು ನೋಡಿ ಮಾಸ್ಟ್ರು, ಕೊಡು, ನಾನೇ ಒಯ್ಯುತ್ತೇನೆ ಎಂದರು. ಒಳಗೆ ಏನಿದೆ ಎಂದು ತಿಳಿಸದೆ ಆ ಮನುಷ್ಯನ ಕೈಗೆ ಇದನ್ನು ಕೊಡಲು ನನ್ನಿಂದ ಆಗಲಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಕೇಳಿ ಮುಗಿಸಿ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ, "ನೀನು ಹೇಳಿದ್ದು ಕಮಿಟಿಗೆ ಸಾಲದು, ಅವನ ಬಾಯಿಂದ ಬರಬೇಕು" ಎಂದು ಲಕೋಟೆಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು. ಏರ್‌ಪೋರ್ಟಿನಿಂದ ಬರುವ ದಾರಿಯಲ್ಲಿ ಚಿಸೊಮೊಳ ಮನೆಗೆ ಹೋಗಿ ಅವಳನ್ನೂ ಕರೆದುಕೊಂಡು ಬರುತ್ತಾರಂತೆ. ನೀನು ಓದಿ ಮುಗಿಸುವ ತನಕ ಇಬ್ಬರೂ ಏನೂ ಕೇಳದೆ ಕೌಂಟರಿನ ಎದುರು ನಿಂತಿರುತ್ತಾರೆ. ಇನ್ನು ಓದಲು ಏನೂ ಇಲ್ಲ ಅಣ್ಣ, ತಲೆ ಎತ್ತು.