ಕೈಗೆ ಎಟುಕುವ ಎತ್ತರ

ಬ್ರೆಡ್ ಕಾರ್ಖಾನೆಯ ಮಾಲೀಕರಿಗೆ ನಮಸ್ಕಾರಗಳು.

ನನ್ನ ಯಜಮಾನರ ಫೋಟೋವನ್ನು ಹಿಟ್ಟು ಕಲಸುವ ಯಂತ್ರದ ಪಕ್ಕದ ಗೋಡೆಗೆ ಹಾಕಬೇಕೆಂದು ಕೇಳಿದ್ದಿರಿ. ಕಳಿಸಿದ್ದೇನೆ. ಅವರು ನಕ್ಕಿರುವ ಫೋಟೋ ಇದೊಂದೇ, ಜೋಪಾನ.

ಯಂತ್ರ ನಿಲ್ಲಿಸುವ ಸ್ವಿಚ್ಚೂ ಅದೇ ಗೋಡೆಯಲ್ಲಿದೆ. ಅದನ್ನು ಒತ್ತಲು ಅವರು ಸ್ಟೂಲು ಹತ್ತಬೇಕಿತ್ತು. "ಕುಳ್ಳಣ್ಣ, ಏಣಿ ತರ್ಲಾ?" ಎಂದು ಜೊತೆಯವರು ರೇಗಿಸುತ್ತಿದ್ದರಂತೆ. "ಏಣಿ ಯಾಕೋ, ನೀನೇ ಎತ್ಕೋ ಅಂದೆ ಕಣೇ" ಎಂದು ಮನೆಗೆ ಬಂದು ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರು ತೀರಿಕೊಂಡ ದಿನ ಒಂದು ತೋಳು ಯಂತ್ರಕ್ಕೆ ಸಿಕ್ಕಿಕೊಂಡಿತ್ತು. ಇನ್ನೊಂದು ಕೈ ಸ್ವಿಚ್ಚಿಗೆ ಎಟುಕಲಿಲ್ಲ.

ಅವರ ಜಾಗಕ್ಕೆ ನನ್ನ ಮೈದುನನನ್ನು ಕರೆದಿದ್ದೀರಿ. ಆ ಉಪಕಾರ ಮರೆಯುವುದಿಲ್ಲ. ಆದರೆ ಅವನೂ ಅಣ್ಣನಷ್ಟೇ ಎತ್ತರ. ಅಣ್ಣನ ಅಂಗಿ ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ.

ದಯವಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೈದುನನನ್ನು ಯಂತ್ರದ ಮುಂದೆ ನಿಲ್ಲಿಸಿ ನೋಡಿ, ಅವನ ಎರಡು ಕೈಗೂ ಎಟುಕುವಲ್ಲಿ ಸ್ವಿಚ್ಚು ಹಾಕಿಸಿ. ಅದಾಗುವವರೆಗೆ ಅವನನ್ನು ಕೆಲಸಕ್ಕೆ ಕಳಿಸುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಫೋಟೋ ಎಷ್ಟು ಮೇಲೆ ಹಾಕಿದರೂ ಸರಿ. ಅವರಿಗೆ ಇನ್ನು ಸ್ಟೂಲು ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಕುಳ್ಳಣ್ಣನ ಹೆಂಡತಿ