ಗೋಡೆಯ ಮೇಲಿನ ಸುಳ್ಳು ಗೆರೆ

ಅಪ್ಪಾ,

ಅಡುಗೆಮನೆಯ ಗೋಡೆಯ ಮೇಲೆ ನಿನ್ನೆ ನೀನು ಎಳೆದ ಪೆನ್ಸಿಲ್ ಗೆರೆ ನೋಡಿದೆ. ನೋವಿರುವ ಕೈ ಹಾಗಿರಲಿ, ನಿನ್ನ ಒಳ್ಳೆಯ ಕೈಯೂ ಅಷ್ಟು ಎತ್ತರಕ್ಕೆ ಎಟುಕುವುದಿಲ್ಲ. ಹತ್ತಿದ ಸ್ಟೂಲನ್ನಾದರೂ ಪಕ್ಕಕ್ಕೆ ಸರಿಸಬಾರದಿತ್ತೇ?

ಬೆರಳುಗಳನ್ನು ಗೋಡೆಯ ಮೇಲೆ ನಡೆಸಿ, ನೋವು ಬಂದಲ್ಲಿ ಗೆರೆ ಹಾಕಲು ಡಾಕ್ಟರ್ ಹೇಳಿದ್ದು ಭುಜ ಎಷ್ಟು ಸಡಿಲವಾಗಿದೆ ಎಂದು ತಿಳಿಯಲು. ಪರೀಕ್ಷೆಯಲ್ಲಿ ಪಾಸಾಗಲು ಅಲ್ಲ. ಈ ಗೆರೆ ನಂಬಿ ಅವರು, ನೀನು ಮತ್ತೆ ಕೆಲಸಕ್ಕೆ ಹೋಗಿ ಸೀಲಿಂಗಿಗೆ ಬಣ್ಣ ಹೊಡೆಯಬಹುದು ಎಂದುಬಿಟ್ಟರೆ, ಸ್ಕ್ಯಾನಿನಲ್ಲಿ ಅರ್ಧ ಹರಿದಂತೆ ಕಂಡ ಭುಜದ ಸ್ನಾಯು ಪೂರ್ತಿ ಹರಿಯುತ್ತದೆ.

"ನನ್ನ ಭುಜ ನನಗೆ ಗೊತ್ತಿಲ್ವೇನೇ?" ಅಂತ ಶುರುಮಾಡಬೇಡ. ಗೊತ್ತಿದ್ದರೆ ಅಂಗಿ ತೊಡಿಸಲು ದಿನಾ ಅಮ್ಮನನ್ನು ಯಾಕೆ ಕೂಗುತ್ತೀಯ?

ಗೆರೆ ಅಳಿಸಿದ್ದೇನೆ. ಸ್ಟೂಲ್ ಪಕ್ಕದ ಮನೆಯಲ್ಲಿದೆ, ನೀನು ಕೇಳಿದರೂ ಅವರು ಕೊಡುವುದಿಲ್ಲ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟುಕೋ. ಸಂಜೆ ನಾನು ಬಂದ ಮೇಲೆ ನನ್ನೆದುರೇ ಕೈ ಎತ್ತು. ಸೊಂಟದ ಎತ್ತರಕ್ಕಷ್ಟೇ ಎದ್ದರೂ ಸರಿ, ಅಲ್ಲಿಗೇ ಗುರುತು ಹಾಕುತ್ತೇನೆ.

ಬೆಳಿಗ್ಗೆ ನಿನ್ನ ಮೇಸ್ತ್ರಿಗೆ ಫೋನ್ ಮಾಡಿದೆ. "ಅವರ ಜಾಗಕ್ಕೆ ಯಾರನ್ನೂ ತಗೊಂಡಿಲ್ಲಮ್ಮ. ಗುಣ ಆಗೋವರೆಗೂ ಬಣ್ಣ ಬೆರೆಸ್ಕೊಂಡು ಕೂತಿರ್ಲಿ ಸಾಕು" ಅಂದರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಈ ಎರಡು ತಿಂಗಳಲ್ಲಿ ಇಷ್ಟು ಕೇಳಲು ನಿನಗೆ ಬಾಯಿ ಬರಲಿಲ್ಲವೇ?